ನಿರಾಕರಣೆಯೂ ಬೋಧಕನ ಧರ್ಮವೂ

ತನಗೆ ಪರಮಸತ್ಯವೆಂದು ತೋರಿದುದನ್ನು ಇತರರಿಗೂ ತಿಳಿಸಬೇಕೆಂಬ ಆಶೆ ಮನುಷ್ಯನಿಗೆ ಸಹಜವಾದುದು. ಬಾಯಾರಿ ಬಳಲಿದವನು ಸಿಹಿನೀರಿನ ಬಾವಿಯೊಂದನ್ನು ಕಂಡರೆ, ಹಿಂದೆ ಬರುತ್ತಿರುವವರನ್ನು ಕೂಗಿ ಕರೆಯದೆ ಇರಲಾರನು. ಕ್ರೈಸ್ತಮತದಲ್ಲಿ ಈ ಆಶೆ ಬರಿಯ ಆಶೆಯಾಗಿ ಉಳಿಯದೆ ವಿಧಿಯಾಗಿಯೇ ಪರಿಣಮಿಸಿದೆ. ತಾನು ಕೇಳಿದ ಸುವಾರ್ತೆಯನ್ನು ಲೋಕಕ್ಕೆ ಸಾರುವುದು ಆ ಮತವನ್ನು ನಂಬಿದವನ ಕರ್ತವ್ಯಗಳಲ್ಲೊಂದು. ಆದರೆ ಕರೆದವರೆಲ್ಲರೂ ಬರುವುದಿಲ್ಲ. ಕೆಲವರು ನಗುತ್ತಾರೆ, ಕೆಲವರು ಮುನಿಯುತ್ತಾರೆ. ಬಹುಮಂದಿ ಕೈಮುಗಿದು, “ನಮ್ಮ ಬಾವಿಯ ನೀರು ನಮಗೆ ಸಾಕು” ಎಂದು ತಮ್ಮ ದಾರಿ ಹಿಡಿಯುತ್ತಾರೆ. ಆಗ ಕರೆದವನು ಏನು ಮಾಡಬೇಕು? ಬೋಧಿಸುವುದು ಹೇಗೆಂಬುದನ್ನು ಎಲ್ಲರೂ ವಿಚಾರಿಸುತ್ತಾರೆ. ಒಲ್ಲೆನೆಂದವನೊಡನೆ ಮರುದಿನದಿಂದ ಬಾಳುವುದು ಹೇಗೆಂಬುದನ್ನು ವಿಚಾರಿಸುವವರು ಕಡಮೆ. ಬೋಧಕನ ನಿಜವಾದ ಪರೀಕ್ಷೆ ನಡೆಯುವುದಾದರೋ ಅಲ್ಲಿಯೇ.

ಈ ನಿರಾಕರಣೆಯನ್ನು ಸರಕು ಬೇಡವೆಂದ ಗಿರಾಕಿಯ ಮಾತಿನಂತೆ ಎಣಿಸುವುದು ಸರಿಯಲ್ಲ. ವ್ಯಾಪಾರಿಗೆ ಹೋಗುವುದು ನಾಲ್ಕು ಕಾಸಿನ ಲಾಭ. ಬೋಧಕನಿಗಾದರೋ, ಎದುರಿಗಿರುವವನ ಆತ್ಮವೇ ಹಾಳಾಗುತ್ತಿದೆಯೆಂಬ ಸಂಕಟ. ಆ ನಂಬಿಕೆಯಿಲ್ಲದವರು ಇದನ್ನು ನೋಡಿ ನಗಬಹುದು. ಆದರೆ ಕಪಟವಿಲ್ಲದ ಸಂಕಟ ಯಾರದಾದರೂ ಗೌರವಕ್ಕೆ ತಕ್ಕುದೇ. ಅಪಾಯವಿರುವುದು ಆ ಸಂಕಟದಲ್ಲಿ ಅಲ್ಲ, ಅದು ಹಿಡಿಯಬಹುದಾದ ದಾರಿಗಳಲ್ಲಿ. ಅದು ಕೋಪವಾಗಬಹುದು, ನಿರಾಶೆಯಾಗಬಹುದು, ಇಲ್ಲವೆ ಉಪಾಯವಾಗಬಹುದು. ಈ ಮೂರಕ್ಕೂ ಇತಿಹಾಸದಲ್ಲಿ ನಿದರ್ಶನಗಳುಂಟು.

ಮೊದಲನೆಯದು ಕೋಪ. ಲೂಕನು ಬರೆದ ಸುವಾರ್ತೆಯಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಯೆರೂಸಲೇಮಿಗೆ ಹೊರಟಿದ್ದ ಯೇಸುವಿಗೆ ಸಮಾರ್ಯ ಸೀಮೆಯ ಒಂದು ಹಳ್ಳಿಯವರು ಇಳಿದುಕೊಳ್ಳಲು ಎಡೆ ಕೊಡಲಿಲ್ಲ. ಯೆಹೂದ್ಯರಿಗೂ ಸಮಾರ್ಯರಿಗೂ ಬಹುಕಾಲದ ವೈರವಿದ್ದಿತು. ಶಿಷ್ಯರಾದ ಯಾಕೋಬ ಯೋಹಾನರಿಗೆ ರೋಷ ಉಕ್ಕಿತು. ಆಕಾಶದಿಂದ ಬೆಂಕಿಯನ್ನು ಬರಮಾಡಿ ಈ ಹಳ್ಳಿಯನ್ನು ಸುಟ್ಟುಬಿಡಬಹುದೆ ಎಂದು ಗುರುವನ್ನು ಕೇಳಿದರು. ಗುರು ಗದರಿಸಿದುದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು. ಪ್ರಸಂಗ ಇಷ್ಟೇ. ಆದರೆ ಅದರಲ್ಲಿ ಮನುಷ್ಯಸ್ವಭಾವವೊಂದು ಚೆನ್ನಾಗಿ ಹೊರಬಿದ್ದಿದೆ. ಗುರುವಿಗಾದ ಅವಮಾನಕ್ಕಾಗಿ ತಾವು ಕೆರಳಿದ್ದೇವೆಂದು ಶಿಷ್ಯರು ಪ್ರಾಮಾಣಿಕವಾಗಿಯೇ ನಂಬಿದ್ದರು. ಗುರುವಿಗಾದರೋ ಗಾಯವೇ ಆಗಿರಲಿಲ್ಲ. ಗಾಯವಾಗಿದ್ದುದು ಶಿಷ್ಯರ ಅಭಿಮಾನಕ್ಕೆ. ದೇವರ ಹೆಸರಿನಲ್ಲಿ ಬರುವ ಕೋಪದಲ್ಲಿ ದೇವರದೆಷ್ಟು, ತನ್ನದೆಷ್ಟು ಎಂಬುದನ್ನು ಬೋಧಕನು ಮೊದಲು ತೂಗಿ ನೋಡಬೇಕು.

ಶಿಷ್ಯರ ಕೈಗೆ ಅಂದು ಬೆಂಕಿ ದೊರೆಯಲಿಲ್ಲ. ಹದಿನೈದು ಶತಮಾನಗಳ ತರುವಾಯ ಅವರ ಮತದವರಲ್ಲಿ ಕೆಲವರಿಗೆ ಅದು ದೊರೆಯಿತು. 1513ರಲ್ಲಿ ಸ್ಪೆಯಿನ್ ದೇಶದ ನ್ಯಾಯಶಾಸ್ತ್ರಜ್ಞರು ಒಂದು ಶಾಸನಪತ್ರವನ್ನು ಸಿದ್ಧಪಡಿಸಿದರು; ಅದಕ್ಕೆ ‘ರೆಕೆರಿಮಿಯೆಂತೊ’ ಎಂದು ಹೆಸರು. ಅಮೆರಿಕ ಖಂಡದ ಮೂಲನಿವಾಸಿಗಳ ಮುಂದೆ ಅದನ್ನು ಓದಬೇಕು. ಅವರು ಧರ್ಮಸಭೆಯ ಪರಮಾಧಿಕಾರವನ್ನೂ ಸ್ಪೆಯಿನಿನ ಪ್ರಭುತ್ವವನ್ನೂ ಒಪ್ಪಿ ಬೋಧಕರಿಗೆ ಎಡೆ ಕೊಟ್ಟರೆ ಸರಿ. ಇಲ್ಲವಾದರೆ ಯುದ್ಧ, ಹೆಂಡಿರು ಮಕ್ಕಳ ಸಮೇತ ದಾಸ್ಯ. ಆಗುವ ಸಾವುನೋವುಗಳ ದೋಷವೂ ಒಪ್ಪದವರ ಮೇಲೆಯೇ. ಕೇಳುವವರಿಗೆ ತಿಳಿಯದ ಭಾಷೆಯಲ್ಲಿ, ಕೆಲವೊಮ್ಮೆ ಜನರೇ ಇಲ್ಲದ ಹಳ್ಳಿಗಳ ಮುಂದೆ, ಇದನ್ನು ಓದಿದರು. ಅದೇ ದೇಶದ, ಅದೇ ಮತದ ಸಂನ್ಯಾಸಿಯಾದ ಬಾರ್ತೊಲೊಮೆ ದ ಲಾಸ್ ಕಾಸಾಸ್ ಎಂಬಾತನು ಈ ಪತ್ರವನ್ನು ಹೇಯವೆಂದು ಖಂಡಿಸಿದನು. ಬುದ್ಧಿಗೆ ಒಪ್ಪುವಂತೆ ಹೇಳಿ, ಮನಸ್ಸನ್ನು ಮೃದುವಾಗಿ ಸೆಳೆಯುವುದಲ್ಲದೆ ಧರ್ಮಬೋಧೆಗೆ ಬೇರೆ ಮಾರ್ಗವೇ ಇಲ್ಲವೆಂದು ಪ್ರತಿಪಾದಿಸಲು ಅವನು ಒಂದು ಗ್ರಂಥವನ್ನೇ ಬರೆದನು. ಒಂದು ಕಾಲದಲ್ಲಿ ತಾನೂ ಮೂಲನಿವಾಸಿಗಳನ್ನು ದುಡಿಸಿಕೊಂಡಿದ್ದ ಜಮೀನುದಾರನಾದುದರಿಂದ ಅವನ ಮಾತಿಗೆ ಪಶ್ಚಾತ್ತಾಪದ ತೂಕವಿತ್ತು.

ಕೋಪದ ಫಲ ಅದನ್ನು ತೋರಿದವರ ಕಾಲಕ್ಕೇ ಮುಗಿಯುವುದಿಲ್ಲ. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ಹಿಡಿದರು. ಮುಂದೆ ಅಲ್ಲಿ ದೇವಾಲಯಗಳು ಉರುಳಿದುವು. 1560ರಲ್ಲಿ ಸ್ಥಾಪಿತವಾದ ಮತವಿಚಾರಣಾ ನ್ಯಾಯಸ್ಥಾನವು, ನಡುವೆ ಕೆಲವು ವರುಷ ನಿಂತುದನ್ನು ಬಿಟ್ಟರೆ, 1812ರವರೆಗೂ ನಡೆಯಿತು. ಎಷ್ಟೋ ಕೊಂಕಣಿ ಕುಟುಂಬಗಳು ತಮ್ಮ ದೇವರನ್ನು ಹೊತ್ತುಕೊಂಡು ತೆಂಕಣಕ್ಕೆ ನಡೆದು ಕನ್ನಡ ಕರಾವಳಿಯಲ್ಲಿ ನೆಲಸಿದುವು. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಾಗ, ಅವರ ಮಾತನ್ನು ಕೇಳಿದವರಲ್ಲಿ ಆ ಕುಟುಂಬಗಳ ವಂಶದವರೂ ಇದ್ದರು. ಬಂದವರು ಬೇರೆ ದೇಶದವರು, ಬೇರೆ ಸಭೆಯವರು. ಪೋರ್ತುಗೀಸರ ಪಾಪ ಅವರದಲ್ಲ. ಆದರೂ ಅಜ್ಜಿಯ ಬಾಯಿಂದ ಊರು ಬಿಟ್ಟ ಕಥೆಯನ್ನು ಕೇಳಿ ಬೆಳೆದವನಿಗೆ, ಶಿಲುಬೆಯನ್ನು ಹಿಡಿದು ಬಂದ ಪರದೇಶಿಯಲ್ಲಿ ಪ್ರೇಮದ ದೂತನೇ ಕಾಣಬೇಕೆಂದರೆ ಹೇಗೆ? ಬೇಡವೆಂಬ ಮಾತು ಅನೇಕ ವೇಳೆ ಹೇಳಿದ ವಿಷಯಕ್ಕೆ ಸಂದ ಉತ್ತರವಲ್ಲ. ಹೇಳಿದವನ ಹಿಂದಿನವರು ನಡೆದುಕೊಂಡ ರೀತಿಗೆ ಸಂದ ಉತ್ತರ. ಆದುದರಿಂದ ನಿರಾಕರಣೆಯನ್ನು ಕೇಳಿದೊಡನೆ ಎದುರಿನವನ ಹೃದಯ ಕಲ್ಲೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಎರಡನೆಯದು ನಿರಾಶೆ. ಇದಕ್ಕೆ ಮೈಸೂರು ಸೀಮೆಯಲ್ಲಿಯೇ ಪ್ರಸಿದ್ಧವಾದ ಉದಾಹರಣೆಯಿದೆ. ಫ್ರಾನ್ಸ್ ದೇಶದ ಪಾದ್ರಿ ಅಬ್ಬೆ ದ್ಯುಬುವಾ 1792ರಲ್ಲಿ ಇಂಡಿಯಾಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಗೆ ಬಂದು ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದನು. ದೇಶೀಯರ ಉಡುಪನ್ನುಟ್ಟು, ಮಾಂಸಾಹಾರವನ್ನು ಬಿಟ್ಟು, ಜನರ ನಡುವೆ ಬಾಳಿದನು. ಇಲ್ಲಿಯ ಆಚಾರವ್ಯವಹಾರಗಳನ್ನು ಕುರಿತು ಅವನು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ ಹಣ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮೂವತ್ತು ವರುಷಗಳ ತರುವಾಯ, 1823ರಲ್ಲಿ, ಅವನು ದೇಶವನ್ನು ಬಿಟ್ಟನು. ಅದೇ ವರುಷ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಮನುಷ್ಯಪ್ರಯತ್ನಕ್ಕೆ ಅಸಾಧ್ಯವೆಂದು ಸಾರಿದನು. ಅಷ್ಟು ವರುಷಗಳಲ್ಲಿ ತನ್ನಿಂದ ಮತಕ್ಕೆ ಸೇರಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿಯೂ ನಿಜವಾದ ನಂಬಿಕೆಯಿಂದ ಬಂದವರು ತೀರ ವಿರಳ ಎಂದು ಕಹಿಯಾಗಿ ಲೆಕ್ಕ ಒಪ್ಪಿಸಿದನು. ಮರುವರುಷವೇ ಪ್ರಾಟೆಸ್ಟೆಂಟ್ ಪಾದ್ರಿಗಳು ಅವನನ್ನು ಖಂಡಿಸಿ ಉತ್ತರಗಳನ್ನು ಬರೆದರು.

ದ್ಯುಬುವಾನ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಸುಳ್ಳು ಲೆಕ್ಕ ಬರೆದು ಸ್ವದೇಶದವರನ್ನು ಸಂತೋಷಗೊಳಿಸುವುದು ಅವನಿಗೆ ಕಷ್ಟವಾಗಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಆದರೆ ಅವನ ಲೆಕ್ಕದ ಪುಸ್ತಕದಲ್ಲಿ ಒಂದೇ ಕಲಮು ಇದ್ದಿತು: ಮತಕ್ಕೆ ಸೇರಿದವರ ಸಂಖ್ಯೆ. ಅದೇ ದ್ಯುಬುವಾ 1803–04ರಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸಕ್ಕೆ ನಿಂತು, 25,000ಕ್ಕೂ ಹೆಚ್ಚು ಜನರಿಗೆ ಅದು ದೊರೆಯುವಂತೆ ಮಾಡಿದ್ದನು. ಮಕ್ಕಳನ್ನು ಮಣ್ಣುಮಾಡಿ ಮಾಡಿ ಸೋತಿದ್ದ ಊರುಗಳಲ್ಲಿ ಎಷ್ಟು ತೊಟ್ಟಿಲುಗಳು ಬರಿದಾಗದೆ ಉಳಿದುವೋ ಬಲ್ಲವರಾರು? ನೆರೆಯವನನ್ನು ಪ್ರೀತಿಸೆಂಬ ಆಜ್ಞೆಯನ್ನು ನಂಬಿದವನಿಗೆ ಈ ಕಲಮು ಮೊದಲನೆಯದಕ್ಕಿಂತ ಕಿರಿದಾಗಿ ತೋರಬೇಕಾದುದಿಲ್ಲ. ತಲೆ ಎಣಿಸುವವನಿಗೆ ಒಲ್ಲೆನೆಂದವನು ಸೊನ್ನೆ. ಮುಖ ನೋಡುವವನಿಗೆ ಅವನೂ ಒಬ್ಬ ಮನುಷ್ಯ.

ಮೂರನೆಯ ದಾರಿ ಇವೆರಡಕ್ಕಿಂತಲೂ ಸೂಕ್ಷ್ಮವಾದುದು, ಅದು ಉಪಾಯ. ನೇರವಾಗಿ ಒಪ್ಪದವನನ್ನು ಸುತ್ತುದಾರಿಯಿಂದ ಹಿಡಿಯುವುದು. ಔಷಧ ಅನ್ನ ಅಕ್ಷರಗಳನ್ನು ಗಾಳಕ್ಕೆ ಸಿಕ್ಕಿಸಿದ ಎರೆಯನ್ನಾಗಿ ಮಾಡುವುದು. ಮೇಲೆ ಹೇಳಿದ ದಾಕಿನ ಕೆಲಸದಂತಹ ಸೇವೆಯೇ ಇಂತಹ ಉದ್ದೇಶಕ್ಕೆ ಬಿದ್ದರೆ ಕೆಟ್ಟುಹೋಗುತ್ತದೆ. ಗಾಂಧೀಜಿಯವರು ಮಿಶನರಿಗಳ ಮುಂದೆ ಪದೇ ಪದೇ ಎತ್ತಿದ ಆಕ್ಷೇಪ ಇದೇ: ರೋಗಿಯ ಶುಶ್ರೂಷೆ ಶುಶ್ರೂಷೆಯಾಗಿಯೇ ಇರಲಿ, ಮತಕ್ಕೆ ಸೆಳೆಯುವ ಸಾಧನವಾಗದಿರಲಿ ಎಂಬುದು. ಹಸಿದವನು ಊಟಕ್ಕಾಗಿ ಹೂಂ ಎಂದರೆ ಅದು ನಂಬಿಕೆಯಲ್ಲ. ಬಲವಂತದ ಮಾಘಸ್ನಾನದಲ್ಲಿ ಮೈ ಒದ್ದೆಯಾಗುತ್ತದೆ, ಪುಣ್ಯ ಬರುವುದಿಲ್ಲ. ಅಲ್ಲದೆ ಉಪಾಯವು ಬೋಧಕನನ್ನೂ ಕೆಡಿಸುತ್ತದೆ. ತನ್ನ ಮಾತಿಗೆ ಸ್ವಂತ ಬಲವಿದೆಯೆಂದು ನಂಬಿದವನಿಗೆ ಗಾಳವೇಕೆ?

ಹಾಗಾದರೆ ಸರಿಯಾದ ದಾರಿ ಯಾವುದು? ಇದನ್ನು ಬೋಧಕರ ಬಾಯಿಂದ ಕೇಳುವುದಕ್ಕಿಂತ, ಒಲ್ಲೆನೆಂದವರ ಬಾಯಿಂದ ಕೇಳುವುದು ಲೇಸು. ಇದಕ್ಕೂ ಗಾಂಧೀಜಿಯವರೇ ಸಾಕ್ಷಿ. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದ ಹೊಸತರಲ್ಲಿ, ಪ್ರಿಟೋರಿಯಾ ನಗರದಲ್ಲಿ ಕೆಲವು ಕ್ರೈಸ್ತರ ಸ್ನೇಹವಾಯಿತು. ಅವರಲ್ಲಿ ಕೋಟ್ಸ್ ಎಂಬ ಕ್ವೇಕರ್ ಪಂಥದ ತರುಣನೊಬ್ಬ. ಅವನು ಗಾಂಧೀಜಿಯವರ ಕೈಗೆ ಪುಸ್ತಕದ ಮೇಲೆ ಪುಸ್ತಕ ಕೊಟ್ಟನು. ಅವರ ಕೊರಳಿನಲ್ಲಿದ್ದ ತುಲಸಿಯ ಮಾಲೆಯನ್ನು ಕಂಡು, ಇದು ಮೂಢನಂಬಿಕೆ, ಕಿತ್ತುಹಾಕೋಣವೆಂದನು. ಅದು ತಾಯಿ ಕೊಟ್ಟುದು. ತಾನಾಗಿ ಸವೆದು ಹರಿದರೆ ಬೇರೊಂದನ್ನು ಹಾಕಿಕೊಳ್ಳುವ ಆಶೆ ಇಲ್ಲ, ಆದರೆ ಕಾರಣವಿಲ್ಲದೆ ಕಿತ್ತೆಸೆಯಲಾರೆ ಎಂಬ ಅರ್ಥದ ಉತ್ತರ ಬಂದಿತು. ಆ ಉತ್ತರದ ಮರ್ಮ ಕೋಟ್ಸನಿಗೆ ತಿಳಿಯಲಿಲ್ಲ. ಆದರೂ ಅವನು ಸ್ನೇಹವನ್ನು ಬಿಡಲಿಲ್ಲ. ಬೇಕರ್ ಎಂಬ ಮತ್ತೊಬ್ಬ ಮಿತ್ರನು ಅವರನ್ನು ವೆಲ್ಲಿಂಗ್ಟನ್ನಿನ ಪ್ರಾರ್ಥನಾಸಮ್ಮೇಳನಕ್ಕೆ ಕರೆದೊಯ್ದನು. ಬಣ್ಣದ ಮನುಷ್ಯನೊಬ್ಬನನ್ನು ಜತೆಯಲ್ಲಿ ಕರೆದುಕೊಂಡು ಹೋದುದರಿಂದ ದಾರಿಯಲ್ಲಿಯೂ ವಸತಿಗೃಹದಲ್ಲಿಯೂ ಆದ ತೊಡಕುಗಳನ್ನು ತಾನೂ ಸಹಿಸಿದನು. ಗಾಂಧೀಜಿಯವರು ಕ್ರೈಸ್ತರಾಗಲಿಲ್ಲ. ಆದರೆ ಬಹುಕಾಲದ ಮೇಲೆ ಆತ್ಮಕಥೆಯನ್ನು ಬರೆಯುವಾಗ, ಆ ಮಿತ್ರರು ತಮ್ಮಲ್ಲಿ ಎಚ್ಚರಿಸಿದ ಧರ್ಮಜಿಜ್ಞಾಸೆಗಾಗಿ ತಾವು ಎಂದೆಂದಿಗೂ ಋಣಿಯೆಂದು ಸ್ಮರಿಸಿದರು.

ಈ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ನಿರಾಕರಣೆಯೂ ಒಂದು ಧರ್ಮಕಾರ್ಯವಾಗಬಹುದೆಂಬುದು. ಮಾಲೆಯನ್ನು ಉಳಿಸಿಕೊಂಡುದು ಹಟದಿಂದಲ್ಲ, ಮಾತೃಭಕ್ತಿಯಿಂದ. ಅವಿಭಕ್ತ ಕುಟುಂಬಗಳ ನಾಡಿನಲ್ಲಿ ಹೊಸ ಮತಕ್ಕೆ ಹೂಂ ಎಂದವನು ಮನೆ ಬಂಧು ಊಟದ ಪಂಕ್ತಿ ಎಲ್ಲವನ್ನೂ ಬಿಡಬೇಕಾಗಿ ಬರುತ್ತಿತ್ತು. ಒಲ್ಲೆನೆಂದವರಲ್ಲಿ ಎಷ್ಟೋ ಮಂದಿಯ ಕಣ್ಣ ಮುಂದೆ ಇದ್ದುದು ಮುದಿ ತಾಯಿಯ ಮುಖ. ಇದನ್ನು ಅಂಧಕಾರವೆಂದು ಕರೆಯುವ ಬೋಧಕನು, ತಂದೆತಾಯಿಗಳನ್ನು ಗೌರವಿಸೆಂದು ತನ್ನ ಗ್ರಂಥವೇ ವಿಧಿಸಿರುವುದನ್ನು ಮರೆತಿದ್ದಾನೆ. ಎರಡನೆಯದು, ಸ್ನೇಹವು ಉತ್ತರಕ್ಕಾಗಿ ಕಾದು ಕುಳಿತಿರಲಿಲ್ಲವೆಂಬುದು. ಉತ್ತರ ಅಲ್ಲವೆಂದಾದ ಮೇಲೆಯೂ ಅದು ಉಳಿಯಿತು. ಉಳಿದುದರಿಂದಲೇ ಅದು ಸ್ನೇಹವಾಗಿತ್ತೆಂದು ಸಿದ್ಧವಾಯಿತು.

ಕ್ರೈಸ್ತರ ಗ್ರಂಥದಲ್ಲಿಯೇ ಇದಕ್ಕೆ ಮೂಲಾದರ್ಶವಿದೆ. ಒಬ್ಬ ಸಿರಿವಂತನು ಯೇಸುವಿನ ಬಳಿಗೆ ಓಡಿಬಂದು ನಿತ್ಯಜೀವದ ದಾರಿಯನ್ನು ಕೇಳಿದನು. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಹಿಂಬಾಲಿಸೆಂಬ ಉತ್ತರ ಕೇಳಿ, ಆಸ್ತಿ ಬಹಳವಾಗಿದ್ದುದರಿಂದ, ಮುಖ ಬಾಡಿ ಹೊರಟುಹೋದನು. ಯೇಸು ಅವನನ್ನು ನೋಡಿ ಪ್ರೀತಿಸಿದನೆಂದು ಮಾರ್ಕನು ಬರೆಯುತ್ತಾನೆ. ಆ ಪ್ರೀತಿ ಅವನ ಹಿಂದೆ ಓಡಿ ಕೈಹಿಡಿದು ಎಳೆಯಲಿಲ್ಲ; ಅರ್ಧ ಆಸ್ತಿಯಾದರೂ ಸಾಕೆಂದು ಕ್ರಯವನ್ನು ಇಳಿಸಲಿಲ್ಲ; ಬೆನ್ನ ಹಿಂದೆ ಶಾಪವನ್ನೂ ಹಾಕಲಿಲ್ಲ. ಸತ್ಯವನ್ನು ಪೂರ್ತಿಯಾಗಿ ಹೇಳಿ, ಹೋಗುವವನಿಗೆ ಹೋಗಲು ದಾರಿ ಬಿಟ್ಟಿತು. ಮೇಲಿನ ಮೂರು ಕೆಟ್ಟ ದಾರಿಗಳಲ್ಲಿ ಒಂದೂ ಇಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನೆರೆಯವನ ಆತ್ಮಕ್ಕೆ ಕೇಡೆಂದು ನಿಜವಾಗಿ ನಂಬಿದವನು ಹೀಗೆ ದಾರಿ ಬಿಟ್ಟು ನಿಲ್ಲುವುದು ಉದಾಸೀನವಲ್ಲವೆ? ಉರಿಯುವ ಮನೆಯಲ್ಲಿ ಮಲಗಿದವನನ್ನು ಅವನ ಒಪ್ಪಿಗೆ ಕೇಳಿ ಎಬ್ಬಿಸುವವರುಂಟೆ? ಈ ಉಪಮೆ ಬಲವಾದುದು, ಆದರೆ ಇಲ್ಲಿ ಹೊಂದುವುದಿಲ್ಲ. ಮಲಗಿದವನ ದೇಹವನ್ನು ಹೊತ್ತು ತಂದರೆ ಅವನು ಬದುಕುತ್ತಾನೆ. ನಂಬಿಕೆಯನ್ನು ಹಾಗೆ ಹೊತ್ತು ತರಲಾಗದು. ಅವನು ತಾನಾಗಿ ಎದ್ದು ಬಂದರೆ ಮಾತ್ರ ಅದು ನಂಬಿಕೆ. ಹೊರಗೆಳೆದ ಕ್ಷಣದಲ್ಲಿಯೇ, ಉಳಿಸಬೇಕೆಂದಿದ್ದುದು ನಾಶವಾಗುತ್ತದೆ. ಇದರಿಂದ ಬೋಧಕನು ದುಃಖಿಸಬಾರದೆಂದು ಅರ್ಥವಲ್ಲ. ತನ್ನನ್ನು ಒಪ್ಪದ ಯೆರೂಸಲೇಮ್ ಪಟ್ಟಣವನ್ನು ನೋಡಿ ಯೇಸು ಅತ್ತನೆಂದು ಲೂಕನು ಬರೆದಿದ್ದಾನೆ. ಅಳುವುದು ಬೇರೆ, ಬೆಂಕಿ ಬೇಡುವುದು ಬೇರೆ. ಉದಾಸೀನನಿಗೆ ಅಳುವಿಲ್ಲ, ಕ್ರೋಧಿಗೂ ಅಳುವಿಲ್ಲ. ಮತ್ತೊಬ್ಬನ ಸ್ವಾತಂತ್ರ್ಯವನ್ನೂ ಅವನ ಹಿತವನ್ನೂ ಒಟ್ಟಿಗೆ ಬಯಸುವವನಿಗೆ ಮಾತ್ರ ಅದು ಬರುತ್ತದೆ.

ಒಪ್ಪದ ಊರನ್ನು ಬಿಡುವಾಗ ಕಾಲಿನ ಧೂಳನ್ನು ಝಾಡಿಸಿ ಹೊರಡಿರೆಂಬ ವಿಧಿಯೂ ಅದೇ ಗ್ರಂಥದಲ್ಲಿದೆಯಲ್ಲ ಎಂದು ಕೆಲವರು ಕೇಳಬಹುದು. ಅದು ಕಠಿಣವಾದ ಮಾತೆಂಬುದನ್ನು ಮರೆಮಾಡಬೇಕಾದುದಿಲ್ಲ, ಅದರಲ್ಲಿ ಎಚ್ಚರಿಕೆಯಿದೆ. ಆದರೆ ಅದು ಬೋಧಕನ ಕೈಗೆ ಕೊಡುವುದೇನು? ಕತ್ತಿಯಲ್ಲ, ಬೆಂಕಿಯಲ್ಲ, ಹೊರಡುವ ಅಪ್ಪಣೆ. ತೀರ್ಪನ್ನು ಅದು ದೇವರ ಪಾಲಿಗೆ ಬಿಡುತ್ತದೆ. ಧೂಳನ್ನು ಝಾಡಿಸುವವನು ಮನಸ್ಸಿನ ಕಹಿಯನ್ನೂ ಅಲ್ಲಿಯೇ ಝಾಡಿಸಿ ಮುಂದಿನ ಊರಿಗೆ ಹೋದರೆ ಆ ವಿಧಿ ಸಾರ್ಥಕವಾಯಿತೆನ್ನಬಹುದು.

ಹೊರಡದೆ ಅಲ್ಲಿಯೇ ಉಳಿಯುವವರ ವಿಷಯವೇನು? ಮತ್ತೆ ಮಂಗಳೂರಿನ ಕಡೆಗೆ ನೋಡಿದರೆ ಉತ್ತರ ದೊರೆಯುತ್ತದೆ. 1836ರಲ್ಲಿ ಅಲ್ಲಿಗೆ ಬಂದ ಹೆರ್ಮನ್ ಮೊಗ್ಲಿಂಗ್ ಉತ್ಸಾಹಿಯಾದ ಬೋಧಕ. ಹಿಂದೂ ಮತವನ್ನು ಕುರಿತು ಅವನ ಮಾತು ಯಾವಾಗಲೂ ಮೃದುವಾಗಿರಲಿಲ್ಲ. 1844ರಲ್ಲಿ ಕೆಲವು ಬ್ರಾಹ್ಮಣ ತರುಣರು ಕ್ರೈಸ್ತರಾದಾಗ ಊರಿನಲ್ಲಿ ದೊಡ್ಡ ಕ್ಷೋಭೆಯೆದ್ದಿತು. ಬಹುಮಂದಿ ಅವನ ಬೋಧೆಯನ್ನು ಒಪ್ಪಲಿಲ್ಲ. ಆದರೂ ಅವನು ಅವರ ಮಾತನ್ನು ಕೇಳುವುದನ್ನು ಬಿಡಲಿಲ್ಲ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವನು, 1848ರಿಂದ ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಕನ್ನಡ ಕಾವ್ಯಗಳನ್ನು ಅಚ್ಚುಹಾಕಿಸತೊಡಗಿದನು: ಜೈಮಿನಿ ಭಾರತ, ಬಸವಪುರಾಣ, ತೊರವೆಯ ರಾಮಾಯಣ, ದಾಸರ ಪದಗಳು. ಯಾವ ಭಕ್ತಿಯ ಸ್ಥಾನದಲ್ಲಿ ತನ್ನ ಭಕ್ತಿಯನ್ನು ಸ್ಥಾಪಿಸಬೇಕೆಂದು ಬಂದಿದ್ದನೋ, ಆ ಭಕ್ತಿಯ ಹಾಡುಗಳನ್ನೇ ಕಾಪಾಡಲು ಅವನು ಶ್ರಮಿಸಿದನು. ಜನರನ್ನು ಅರಿತು ಇನ್ನೂ ಚೆನ್ನಾಗಿ ಬೋಧಿಸಬೇಕೆಂಬ ಉದ್ದೇಶವೂ ಅವನಲ್ಲಿದ್ದಿತು. ಅದನ್ನು ಅಲ್ಲಗಳೆಯುವುದು ಸತ್ಯವಲ್ಲ. ಆದರೆ ಒಲ್ಲೆನೆಂದವನ ಬಾಯಲ್ಲಿ ಕೇಳತಕ್ಕ ಮಾತೂ ಉಂಟೆಂದು ತಿಳಿಯದವನು ಆ ಪುಟಗಳ ಕರಡನ್ನು ತಿದ್ದುತ್ತ ಕೂರಲಾರನು.

1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನ ವಿಷಯವೂ ಇಂತಹದೇ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಶೋಧಿಸಿ ಪ್ರಕಟಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕನ್ನಡಕ್ಕೆ ಕೊಟ್ಟ ಅವನಿಂದ ಮತಕ್ಕೆ ಸೇರಿದವರು ಎಷ್ಟು ಮಂದಿಯೆಂದು ಇಂದು ಯಾರೂ ಕೇಳುವುದಿಲ್ಲ. ಅವನ ನಿಘಂಟು ಅವನ ಮತವನ್ನು ಎಂದೂ ಒಪ್ಪದ ಮನೆಗಳಲ್ಲಿ ಪುಟ ಮಾಸಿ ಸವೆದಿದೆ. ಅದನ್ನು ತೆರೆಯುವವನಿಗೆ ಯಾವ ಷರತ್ತೂ ಇಲ್ಲ.

1977ರಲ್ಲಿ ಭಾರತದ ಸುಪ್ರೀಂ ಕೋರ್ಟು, ತನ್ನ ಮತದ ತತ್ತ್ವಗಳನ್ನು ಹೇಳಿ ಹರಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಮತ್ತೊಬ್ಬನನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ ಎಂದು ನಿರ್ಣಯಿಸಿತು. ಈ ನಿರ್ಣಯವನ್ನು ಕುರಿತು ವಾದಗಳುಂಟು. ಆದರೆ ಹೇಳುವುದು ಒಬ್ಬನ ಪಾಲು, ಒಪ್ಪುವುದು ಬಿಡುವುದು ಕೇಳಿದವನ ಪಾಲು ಎಂಬಷ್ಟನ್ನು ತಿಳಿಯಲು ನ್ಯಾಯಸ್ಥಾನ ಬೇಕಾಗಿಲ್ಲ. ಬೋಧಕನ ಪ್ರೀತಿಗೇ ಅದು ತಿಳಿದಿರಬೇಕು. ಕಾಯಿದೆಯಾದರೋ ಬಲಾತ್ಕಾರವನ್ನು ತಡೆಯಬಲ್ಲುದು. ಮನಸ್ಸಿನ ಮುನಿಸನ್ನು ಕೀಳಲಾರದು.

ಆದುದರಿಂದ ಕಡೆಯ ಪರೀಕ್ಷೆ ಬಹು ಸರಳವಾದುದು. ನಿನ್ನೆ ಒಲ್ಲೆನೆಂದವನ ಮಗು ಇಂದು ಜ್ವರದಿಂದ ಮಲಗಿದರೆ ಬೋಧಕನು ನಿನ್ನೆಯ ಮಾತನ್ನು ನೆನೆಯದೆ ಆ ಮನೆಗೆ ಹೋಗಬಲ್ಲನೆ? ಅವನ ಶಾಲೆಯ ಬಾಗಿಲು ಒಪ್ಪಿದವನ ಮಗನಿಗೂ ಒಪ್ಪದವನ ಮಗನಿಗೂ ಒಂದೇ ರೀತಿಯಾಗಿ ತೆರೆಯುವುದೆ? ಆ ಮನೆಯಿಂದ ಹಿಂದಿರುಗುವಾಗ, ಇನ್ನಾದರೂ ಇವರು ಒಪ್ಪಬಹುದೆಂಬ ಎಣಿಕೆಯಿಲ್ಲದೆ, ಮಗುವಿನ ಜ್ವರ ಇಳಿಯಲೆಂಬ ಒಂದೇ ಪ್ರಾರ್ಥನೆ ಅವನ ಬಾಯಲ್ಲಿ ಇರಬಲ್ಲುದೆ? ಹೌದೆಂದರೆ, ಅವನ ಬೋಧೆಯನ್ನು ಊರೆಲ್ಲ ಒಲ್ಲೆನೆಂದರೂ ಅದು ಸೋಲಲಿಲ್ಲ. ಅಲ್ಲವೆಂದರೆ, ಊರೆಲ್ಲ ಒಪ್ಪಿದರೂ ಅವನು ಏನನ್ನು ಬೋಧಿಸಿದನೆಂಬುದು ಸಂದೇಹವೇ.